ಗುರುವಾರದೊಳಗೆ ಹೇಳುತ್ತೇನೆ

ರೈಮೋ ಬಾಗಿಲು ತೆರೆದದ್ದು ಎಡಗೈಯಲ್ಲಿ.
ಬಲಗೈ ಸ್ವೆಟರಿನ ತೋಳಿನೊಳಗೆ
ಯಾರೋ ಬಿಟ್ಟುಹೋದ ಸಾಮಾನಿನಂತೆ ತೂಗುತ್ತಿತ್ತು.
ಬೂಟಿನ ಹಿಮ ಕೊಡವಿ ಒಳಗೆ ಹೋದೆ.
ಥಂಡರ್ ಬೇಯಲ್ಲಿ ಅವತ್ತು ಮೈನಸ್ ಇಪ್ಪತ್ತೇಳು,
ಸರೋವರ ದಡದಿಂದ ಅರ್ಧ ಮೈಲಿ ಕಲ್ಲಾಗಿತ್ತು;
ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ
ಮೂವತ್ತೊಂದು ಡಿಗ್ರಿಯ ಕೊಲಂಬಿಯಾ.

ಆರೂವರೆ ಅಡಿ. ಒಂಬತ್ತು ಕೆಜಿ. ಹದಿನಾರು ವರ್ಷ.
ಬಾಲದ ಕಡೆ ಇಟ್ಟಿಗೆಗೆಂಪು,
ಹೊಟ್ಟೆಯ ಮೇಲೆ ಅಂಗೈಯಗಲ ಸುಟ್ಟ ಕಲೆ.
'ನಾನು ಮಾಡಿದ್ದಲ್ಲ, ಹಿಂದಿನವರದು' ಅಂದ,
ಹಳೇ ಕಾರು ಮಾರುವವ
ನೆಗ್ಗಿದ ಬಂಪರು ತೋರಿಸುವ ಹಾಗೆ.
ಹೆಸರು?
'ಮೊದಲಿನವ ಡಚೆಸ್ ಅಂತಿದ್ದ. ಆಮೇಲಿನ ಹುಡುಗಿ ಪಿಕಲ್ಸ್.
ನಾನು ಐಲಿ ಅಂತೀನಿ, ಅಮ್ಮನ ಹೆಸರು.
ಯಾವುದಕ್ಕೂ ತಿರುಗಿ ನೋಡಲ್ಲ.
ಅಮ್ಮನೂ ನೋಡುತ್ತಿರಲಿಲ್ಲ.'

ತಂಗಿ ಡಾರ್ಲೀನ್ ನಿನ್ನೆಯೇ ಫೋನಿನಲ್ಲಿ:
ನಿನಗೆ ಅರವತ್ತೊಂದು. ಅದು ಇನ್ನೂ ಹದಿನೈದು ವರ್ಷ ಇರುತ್ತೆ.
ನೀನು ಹೋದಮೇಲೆ ಅದನ್ನ ನನ್ನ ಕೊರಳಿಗೆ ಕಟ್ಟಬೇಡ.
ನಾಯಿ ತಗೋ. ನಾಯಿಯಾದರೆ ಬಾಲವಾದರೂ ಅಲ್ಲಾಡಿಸುತ್ತೆ.
ಇದಕ್ಕೂ ಬಾಲ ಇದೆ, ಅಂದೆ,
ಹೆಚ್ಚುಕಡಿಮೆ ಬಾಲವೇ ಇರೋದು.

ನಾನೂ ಲೆಕ್ಕ ಹಾಕದೆ ಬಂದವಳಲ್ಲ.
ಶಾಲೆಯ ಬಸ್ಸು ಓಡಿಸುತ್ತ, ಒಂದೊಂದು ಕೆಂಪು ದೀಪಕ್ಕೂ:
ಮೂರು ವಾರಕ್ಕೊಂದು ದೊಡ್ಡ ಇಲಿ,
ಫ್ರೀಜರಿನಲ್ಲಿ ಬ್ಲೂಬೆರಿ ಪೊಟ್ಟಣಗಳ ಕೆಳಗೆ;
ಕರೆಂಟಿನ ಬಿಲ್ಲು;
ಹೊಲಿಗೆ ಮಿಷನ್ನನ್ನು ಎಲ್ಲಿಗೆ ತಳ್ಳುವುದು;
ಗಾಳಿಗೆ ತಂತಿ ಹರಿದು ಎರಡು ದಿನ ಕತ್ತಲಾದರೆ?

'ಆಗಿತ್ತಲ್ಲ' ಅಂದ ರೈಮೋ. 'ದಿಂಬಿನ ಚೀಲಕ್ಕೆ ಹಾಕಿ
ಕೋಟಿನೊಳಗೆ ಎದೆಗಿಟ್ಟುಕೊಂಡು ಮಲಗಿದೆ.
ಪ್ರೀತಿ ಗೀತಿ ಅಂದುಕೋಬೇಡ.
ಇವಳ ಪಾಲಿಗೆ ನಾನು ಒಲೆ.'

ಆಮೇಲೆ ನೋಟ್‌ಬುಕ್ಕು ಕೊಟ್ಟ. ಮೂವರ ಕೈಬರಹ.
ಮೊದಲಿನದು ದುಂಡಗೆ: ತಿಂತು. ತಿಂತು. ಪೊರೆ ಬಿಟ್ಟಿತು, ಇಡಿಯಾಗಿ.
ಹುಡುಗಿಯದು ಹಸಿರು ಶಾಯಿ:
ತಿನ್ನಲಿಲ್ಲ. ತಿನ್ನಲಿಲ್ಲ.
ಅವನು ಹೋದ, ನಾನೂ ತಿನ್ನಲಿಲ್ಲ.
ನಂತರ ರೈಮೋನ ಅಕ್ಷರ,
ರೈಲುಹಳಿಯಂತೆ ನೆಟ್ಟಗೆ, ಒಂಬತ್ತು ವರ್ಷ.
ಕಳೆದ ಅಕ್ಟೋಬರಿನಿಂದ ಏಳು ವಾರ ಖಾಲಿ.
ಅಷ್ಟು ದಿನ ಯಾರು ನೋಡಿಕೊಂಡರೆಂದು ಕೇಳಲಿಲ್ಲ;
ಹಾವು ಕಾಯಬಲ್ಲದು.
ಖಾಲಿಯ ಆಚೆ ಮಗುವಿನ ಅಕ್ಷರ,
ಅಂಗುಲದೆತ್ತರ, ಗೆರೆ ಬಿಟ್ಟು ಜಾರುವ,
ಎಡಗೈ ಕಲಿತ ಮೊದಲ ಮಾತು:
ತಿಂದಳು.

ಪೆಟ್ಟಿಗೆ ತೆರೆದೆವು. ಅದು ಅವಸರವಿಲ್ಲದೆ ಬಂತು.
ನಾಲಗೆ ಚಾಚಿ ನನ್ನ ತೋಳಿನ ಡೀಸೆಲ್ ಓದಿ,
ಬೇಡವೆಂದು ತಿರುಗಿ
ಅವನ ಬಲಗೈ ಹತ್ತಿತು,
ಮಣಿಕಟ್ಟಿನಿಂದ ಮೊಳಕೈವರೆಗೆ, ಸುತ್ತು ಸುತ್ತು.
ಅವನು ಕಿಟಕಿಯ ಕಡೆ ನೋಡುತ್ತ ಕೇಳಿದ:
'ಹಿಡಿದಿದ್ದಾಳಾ? ನನಗೆ ಗೊತ್ತಾಗಲ್ಲ.'
ಹಿಡಿದಿದ್ದಾಳೆ.
'ಎಷ್ಟು?'
ಎಷ್ಟೆಂದು ಹೇಳಲಿ? ಅಳೆಯುವ ಪಾವು ನನ್ನ ಹತ್ತಿರವೂ ಇರಲಿಲ್ಲ.
ಬೆರಳ ತುದಿಗಳು ಬಿಳಿಚಿದ್ದವು.
ಬೀಳುವ ಭಯಕ್ಕೆ ಕೊಂಬೆ ಹಿಡಿದಷ್ಟು, ಅಂದೆ.
ತಲೆಯಾಡಿಸಿದ,
ಸರಿಯಾದ ಬೆಲೆ ಕೇಳಿದವನಂತೆ.

ಆ ಹಾವೂ ಸಾಯದೆ, ಕೈಯ ಆ ಕೋಲೂ ಮುರಿಯದೆ
ಹೇಗೆ ಬಿಡಿಸುವುದು?
ಬಾಲದಿಂದ ಶುರುಮಾಡಬೇಕಂತೆ.
ತಲೆಯಿಂದ ಎಳೆದರೆ ಇನ್ನಷ್ಟು ಬಿಗಿಯುತ್ತಾಳಂತೆ.
ನಾನು ಬಿಡಿಸಿದೆ, ಅವನು ಹೇಳಿಕೊಟ್ಟ,
ಹತ್ತು ನಿಮಿಷವಾದರೂ ಬೇಕಾಯಿತು.
'ಗುರುವಾರದೊಳಗೆ ಹೇಳುತ್ತೇನೆ' ಅಂದೆ.

ಟ್ರಕ್ಕಿನಲ್ಲಿ ಕೂತು ಎಂಜಿನು ಬಿಸಿಯಾಗಲೆಂದು ಕಾದೆ.
ನನ್ನ ಉಸಿರು ಗಾಜಿಗಂಟಿ ಬೆಳ್ಳಗಾಗುತ್ತಿತ್ತು,
ಅದರಾಚೆ ಅವನ ಮೂಲೆಯ ಕಿತ್ತಳೆ ದೀಪ.
ಕೋಟಿನ ಗುಂಡಿಗಳನ್ನು ಒಂದೊಂದೇ ಬಿಚ್ಚಿ
ಒಳಗೆ ಎಷ್ಟು ಜಾಗವಿದೆಯೆಂದು ನೋಡಿದೆ.
ಡಾರ್ಲೀನ್‌ಗೆ ಫೋನು ಮಾಡಲಿಲ್ಲ.
ಇವತ್ತಿನ್ನೂ ಸೋಮವಾರ.